ಆರ್‌ಟಿಸಿಯಲ್ಲಿ ಇನ್ನೂ ಅಜ್ಜನ ಹೆಸರೇ ಇದೆ

ಮೊನ್ನೆ ಕೊಡಗಿನ ಗೋಣಿಕೊಪ್ಪದಲ್ಲಿ ಹಳೆಯ ಸಹಪಾಠಿಯೊಬ್ಬ ಸಿಕ್ಕಿದ. ಈಗ ಏನು ಮಾಡ್ತಿದ್ದೀಯಾ ಅಂದ. ಜಾಗ, ಮನೆ ಮಾರಿಸಿಕೊಡ್ತೀನಿ ಅಂದೆ. "ಓ, ಬ್ರೋಕರ್ರಾ!" ಅಂತ ನಕ್ಕ. ನಾನೂ ನಕ್ಕೆ. ಹನ್ನೊಂದು ವರ್ಷದಿಂದ ಈ ನಗು ರೂಢಿಯಾಗಿದೆ.

ಗಾಡಿ ಓಡಿಸಿಕೊಂಡು ಬರುವಾಗ ಲೆಕ್ಕ ಹಾಕಿದೆ. ಕಳೆದ ವರ್ಷ ನನ್ನ ಹತ್ತಿರ ಬಂದವರಲ್ಲಿ ಸುಮ್ನೆ ಒಳ್ಳೆ ರೇಟ್ ಬಂದಿದೆ ಅಂತ ಮಾರೋಕೆ ಬಂದವರು ಇಬ್ಬರೋ ಮೂವರೋ ಅಷ್ಟೇ. ಉಳಿದವರ ಮನೆಯಲ್ಲಿ ಏನೋ ಒಂದು ಆಗಿತ್ತು. ಯಜಮಾನರು ತೀರಿಕೊಂಡಿದ್ದರು, ಗಂಡ ಹೆಂಡತಿ ಬೇರೆಯಾಗಿದ್ದರು, ಮಂಡಿ ನೋವಿಂದ ಮೆಟ್ಟಿಲು ಹತ್ತೋಕೆ ಆಗ್ತಿರಲಿಲ್ಲ, ಇಲ್ಲಾ ಮಕ್ಕಳು ಕೆನಡಾದಲ್ಲಿ ಮನೆ ಮಾಡಿಕೊಂಡು ಇನ್ನು ತೋಟ ನೋಡೋಕೆ ಬರಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿದ್ದರು. ಜಾಗದ ಮಾತು ಶುರುವಾಗೋದು ಎರಡನೇ ಲೋಟ ಕಾಫಿ ಆದ ಮೇಲೆ.

ಇದು ನನಗೆ ಮೊದಲೇ ಗೊತ್ತಿರಲಿಲ್ಲ. ಶುರುವಿನಲ್ಲಿ ನಾನೂ ಎಲ್ಲರ ಹಾಗೆ ಫೋಟೋ ತೆಗೆದು, "ವ್ಯೂ ಇದೆ, ಹೊಳೆ ಇದೆ" ಅಂತ ಬರೆದು ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆ. ಎರಡನೇ ವರ್ಷ ಸರಿಯಾಗಿ ಪೆಟ್ಟು ತಿಂದೆ. ಕುಶಾಲನಗರದ ಹತ್ತಿರ ಒಂದು ಮನೆ. ಅಪ್ಪ ತೀರಿಕೊಂಡು ಎರಡು ತಿಂಗಳಾಗಿತ್ತು, ವಿಲ್ ಇರಲಿಲ್ಲ. ಅಣ್ಣ ತಮ್ಮ ಇಬ್ಬರೂ ಒಪ್ಪಿದ್ದರು. ಮಂಗಳೂರಿಗೆ ಕೊಟ್ಟ ತಂಗಿ ಒಬ್ಬಳಿದ್ದಳು. "ಅವಳದ್ದೇನೂ ತಕರಾರಿಲ್ಲ, ನಾವು ಹೇಳಿದ ಹಾಗೆ" ಅಂದರು. ನಾನು ನಂಬಿದೆ. ಅಗ್ರಿಮೆಂಟ್ ಆಯಿತು, ಅಡ್ವಾನ್ಸ್ ಕೈ ಬದಲಾಯಿತು. ಆಮೇಲೆ ತಂಗಿಯ ವಕೀಲರ ನೋಟಿಸ್ ಬಂತು. ಅಪ್ಪ ವಿಲ್ ಬರೆಯದೆ ತೀರಿಕೊಂಡರೆ ಮಗಳಿಗೂ ಮಗನಷ್ಟೇ ಪಾಲು ಅನ್ನೋದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ, ಅದೇನು ನಿನ್ನೆ ಮೊನ್ನೆಯ ಕಾನೂನಲ್ಲ. ಅಡ್ವಾನ್ಸ್ ವಾಪಸ್ ಕೊಡಿಸೋಕೆ ನಾನು ಆರು ತಿಂಗಳು ಓಡಾಡಿದೆ. ತಂಗಿಯ ಮನೆಗೂ ಹೋದೆ. ಆಕೆ ಹೇಳಿದ ಮಾತು ಇಷ್ಟೇ: "ಯಾರಾದ್ರೂ ಒಂದು ಸಲ ಫೋನ್ ಮಾಡಿ ಕೇಳಿದ್ರೆ ನಾನೇ ಬಂದು ಸೈನ್ ಹಾಕ್ತಿದ್ದೆ."

ಅವತ್ತಿಂದ ಯಾರೇ ಬಂದರೂ ಮೊದಲು ಕೇಳೋದು, ನಿಮ್ಮ ಮನೆಯಲ್ಲಿ ಯಾರ್ಯಾರಿದ್ದಾರೆ ಅಂತ. ಆಮೇಲೆ ಆರ್‌ಟಿಸಿ, ಅಂದರೆ ಜಾಗ ಯಾರ ಹೆಸರಲ್ಲಿದೆ ಅಂತ ಹೇಳುವ ಪಹಣಿ. ಕೊಡಗಿನಲ್ಲಿ ಈ ಎರಡೂ ಒಂದೇ ಪ್ರಶ್ನೆ ಅಂದರೂ ತಪ್ಪಿಲ್ಲ. ಪಹಣಿ ತೆಗೆದು ನೋಡಿದರೆ ತೀರಿಕೊಂಡು ನಲವತ್ತು ವರ್ಷವಾದ ಅಜ್ಜನ ಹೆಸರೇ ಇರುತ್ತದೆ. ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಬದಲಾಯಿಸುವ ಪೌತಿ ಖಾತೆ ಮಾಡಿಸಿರುವುದಿಲ್ಲ, ಯಾಕಂದ್ರೆ ಮಾಡಿಸೋಕೆ ಹೊರಟರೆ ವಂಶವೃಕ್ಷ ಬೇಕು, ವಂಶವೃಕ್ಷ ಬೇಕಂದ್ರೆ ಮಾತು ಬಿಟ್ಟ ದೊಡ್ಡಪ್ಪನ ಮಕ್ಕಳ ಹತ್ತಿರ ಹೋಗಬೇಕು. ತಲೆಮಾರಿನಿಂದ ಮನೆತನಕ್ಕೆ ಬಂದ ಜಮ್ಮಾ ಜಾಗವಾದರೆ ಇನ್ನೂ ಜಾಸ್ತಿ. ಮನೆತನದ ಪರವಾಗಿ ದಾಖಲೆಯಲ್ಲಿರುವ ಪಟ್ಟೆದಾರನ ಹೆಸರು, ಅದರ ಜೊತೆ ಒಕ್ಕದ, ಅಂದರೆ ಇಡೀ ಮನೆತನದ, ಉದ್ದನೆಯ ಪಟ್ಟಿ, ಅದರಲ್ಲಿ ಬದುಕಿರುವವರು ಎಷ್ಟು ಜನ ಅಂತ ಮೂಲಮನೆಯಾದ ಐನ್‌ಮನೆಯ ಹಿರಿಯರನ್ನೇ ಕೇಳಬೇಕು. 2011ರ ಭೂಕಂದಾಯ ತಿದ್ದುಪಡಿ ಕಾಯ್ದೆ ಜಮ್ಮಾ ಬಾಣೆ ಹಿಡುವಳಿದಾರರನ್ನು ಮಾಲೀಕರು ಅಂತ ಒಪ್ಪಿತು, ಸರಿ. ಆದರೆ ಅಣ್ಣತಮ್ಮಂದಿರನ್ನು ಒಂದೇ ಜಗಲಿಯಲ್ಲಿ ಕೂರಿಸೋ ಕಾಯ್ದೆ ಯಾರು ತರುತ್ತಾರೆ? ಆ ಕೆಲಸ ನನ್ನದು.

ಹೊರಗಿಂದ ಬರೋರಿಗೆ ಇದ್ಯಾವುದೂ ಗೊತ್ತಿರುವುದಿಲ್ಲ. ತೋಟದಲ್ಲಿರೋ ಬೀಟೆ ಮರಗಳನ್ನು ಎಣಿಸಿ ಖುಷಿಪಡುತ್ತಾರೆ. ಅದು ಅನ್‌ರಿಡೀಮ್ಡ್ ಜಾಗ ಸ್ವಾಮಿ, ಮರದ ಬೆಲೆ ಸರ್ಕಾರಕ್ಕೆ ಕಟ್ಟಿಲ್ಲ, ಆ ಮರ ಸರ್ಕಾರದ್ದು ಅಂದರೆ ನಾನೇ ಏನೋ ಆಟ ಆಡುತ್ತಿದ್ದೇನೆ ಅನ್ನೋ ಹಾಗೆ ನೋಡುತ್ತಾರೆ.

ಬೇರೆಯಾಗುವ ಗಂಡ ಹೆಂಡತಿಯರ ವಿಷಯದಲ್ಲಿ ಜಾಸ್ತಿ ಹೇಳುವುದಿಲ್ಲ. ಒಂದೇ ಮಾತು. ಇಬ್ಬರ ಹೆಸರಲ್ಲೂ ಸಾಲ ಇದ್ದರೆ, ಕೋರ್ಟ್ ವಿಚ್ಛೇದನ ಕೊಟ್ಟ ಮಾತ್ರಕ್ಕೆ ಬ್ಯಾಂಕ್ ಯಾರನ್ನೂ ಬಿಡುವುದಿಲ್ಲ. ಸಾಲ ತೀರಬೇಕು, ಇಲ್ಲಾ ಒಬ್ಬರ ಹೆಸರಿಗೆ ಬ್ಯಾಂಕೇ ಒಪ್ಪಿ ಬದಲಾಯಿಸಬೇಕು. ಅಲ್ಲಿಯವರೆಗೆ ಒಬ್ಬರು ಕಂತು ತಪ್ಪಿಸಿದರೆ ಇನ್ನೊಬ್ಬರಿಗೆ ಫೋನ್ ಬರುತ್ತದೆ. ಇದನ್ನು ಇಬ್ಬರಿಗೂ ಬೇರೆ ಬೇರೆ ದಿನ ಕೂರಿಸಿ ಹೇಳುತ್ತೇನೆ.

ದುಡ್ಡು ಸಿಗದ ಕೆಲಸವೂ ಇದೆ. ಎಪ್ಪತ್ತು ದಾಟಿದ ಒಬ್ಬರು ಮನೆಯನ್ನು ಮಗನಿಗೆ ದಾನಪತ್ರ ಮಾಡಿಕೊಡಲು ಹೊರಟಿದ್ದರು. ಕೊಡಿ, ಆದರೆ ನಿಮ್ಮನ್ನು ನೋಡಿಕೊಳ್ಳಬೇಕು ಅನ್ನೋ ಷರತ್ತನ್ನು ಪತ್ರದಲ್ಲೇ ಬರೆಸಿ ಅಂದೆ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಆ ಷರತ್ತು ಮುರಿದರೆ ದಾನ ರದ್ದು ಮಾಡಿಸಲು ದಾರಿ ಇರುತ್ತದೆ. ಮಗ ನನ್ನ ಮೇಲೆ ಇವತ್ತಿಗೂ ಮುನಿಸಿಕೊಂಡಿದ್ದಾನೆ. ಆ ಮನೆಯಿಂದ ನನಗೆ ಒಂದು ರೂಪಾಯಿ ಬರಲಿಲ್ಲ. ಆದರೆ ಆ ಹಿರಿಯರು ವಾಕಿಂಗ್ ಹೋಗುವ ಕಡೆಯೆಲ್ಲಾ ನನ್ನ ಹೆಸರು ಹೇಳಿ, ಆಮೇಲೆ ನಾಲ್ಕು ಮನೆ ಬಂತು. ನಾನು ಜಾಹೀರಾತು ಕೊಡೋದನ್ನು ನಿಲ್ಲಿಸಿದ್ದೂ ಆಗಲೇ.

2018ರ ಆಗಸ್ಟ್ ಆದ ಮೇಲೆ ಕೆಲಸದ ಬಣ್ಣವೇ ಬದಲಾಯಿತು. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದ ಮಳೆಗಾಲ. ಆ ಕಡೆಯ ಒಂದು ಕುಟುಂಬ ಕುಶಾಲನಗರದಲ್ಲಿ ಬಾಡಿಗೆ ಮನೆ ಹುಡುಕಿಕೊಡಿ ಅಂತ ಬಂತು. ಸಮತಟ್ಟಾಗಿರಬೇಕು ಅನ್ನೋದೊಂದೇ ಷರತ್ತು. ಏಳು ಮನೆ ತೋರಿಸಿದೆ. ಆ ಮನೆಯ ಅಜ್ಜಿ ಒಳಗೆ ಹೋಗುವ ಮೊದಲು ಹಿತ್ತಲಿಗೆ ಹೋಗಿ ನಿಂತು ಹಿಂದೆ ಗುಡ್ಡದ ಕಡಿದಾದ ಬರೆ ಇದೆಯಾ ಅಂತ ನೋಡುತ್ತಿದ್ದರು. ಅಡುಗೆಮನೆ, ಬಚ್ಚಲು, ಯಾವುದನ್ನೂ ನೋಡಲಿಲ್ಲ. ಈಗ ನಾನೂ ಯಾವ ಮನೆಗೆ ಹೋದರೂ ಮೊದಲು ಹಿತ್ತಲಿಗೇ ಹೋಗುತ್ತೇನೆ.

ಆದರೆ ಇದನ್ನೆಲ್ಲಾ ಬರೆಯೋಕೆ ಕೂತಿದ್ದು ಬೇರೆ ಒಬ್ಬರನ್ನು ನೆನೆದು. ಸೋಮವಾರಪೇಟೆ ಕಡೆಯ ಆರು ಎಕರೆ ತೋಟ, ಊರು ಹೇಳುವುದಿಲ್ಲ. ಗಂಡ ತೀರಿಕೊಂಡ ಹದಿನೈದನೇ ದಿನಕ್ಕೇ ಆ ಅಮ್ಮ ಫೋನ್ ಮಾಡಿದ್ದರು, ಮಾರಿಬಿಡಿ ಅಂತ. ಒಂದು ಕೊಯ್ಲು ಮುಗಿಯಲಿ, ಆಮೇಲೂ ಹಾಗೇ ಅನ್ನಿಸಿದರೆ ಮಾರೋಣ ಅಂದೆ. ಒಂದು ಕೊಯ್ಲು ಎರಡಾಯಿತು. ಕಾಡಿನ ಪಕ್ಕದ ಒಂಟಿ ಮನೆ, ಆಳುಗಳು ಸಿಗಲ್ಲ, ರಾತ್ರಿ ಆನೆ ಬಂದರೆ ಟಾರ್ಚ್ ಹಿಡಿಯೋಕೂ ಯಾರಿಲ್ಲ. ಕೊನೆಗೆ ಮೈಸೂರಿನ ಮಗಳ ಮನೆಗೆ ಹೋಗೋದು ಅಂತ ಅವರೇ ತೀರ್ಮಾನ ಮಾಡಿದರು.

ಬೆಂಗಳೂರಿನ ಒಬ್ಬ ಗಂಡ ಹೆಂಡತಿ ನೋಡೋಕೆ ಬಂದರು. ಅವರು ಬರುವ ದಿನ ಈಯಮ್ಮ ಬೆಳಿಗ್ಗೆಯೇ ಕಾಫಿ ಕಣ ಗುಡಿಸಿ, ಒಣಗಲು ಹಾಕಿದ್ದ ಒಳ್ಳೆಮೆಣಸನ್ನು ಒಂದು ಮೂಲೆಗೆ ಒತ್ತರಿಸಿ, ಅಂಗಳದ ಮಳೆ ಮಾಪಕವನ್ನು ಹುಣಸೆಹಣ್ಣು ಹಾಕಿ ತಿಕ್ಕಿದ್ದರು. ತಾಮ್ರದ್ದು, ಮಿರಮಿರ ಹೊಳೆಯುತ್ತಿತ್ತು. ಬಂದವರು ಅದನ್ನು ಹೂಕುಂಡ ಅಂದುಕೊಂಡರು.

ರಿಜಿಸ್ಟ್ರೇಷನ್ ದಿನ ಸಹಿ, ಹೆಬ್ಬೆಟ್ಟು, ಫೋಟೋ ಎಲ್ಲಾ ಮುಗಿಯಿತು. ಹೊರಗೆ ಬಂದ ಮೇಲೆ ಆಕೆ ಚೀಲದಿಂದ ನಾಲ್ಕು ನೋಟ್‌ಬುಕ್ ತೆಗೆದರು. ಗಂಡನ ಮಳೆ ಲೆಕ್ಕ. ದಿನಾ ಬೆಳಿಗ್ಗೆ ಎಂಟಕ್ಕೆ ಅಳೆದು ಬರೆದದ್ದು, 1984ರಿಂದ. ಇಂಚು, ಸೆಂಟು (ಇಂಚಿನ ನೂರರಲ್ಲಿ ಒಂದು ಭಾಗ). ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ದಿನಕ್ಕೆ ಕೆಂಪು ಶಾಯಿ, ಅದಾದ ಮೇಲೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆಗೆ ಒಂದು ಸಣ್ಣ ಚುಕ್ಕಿ. ಅವರು ತೀರಿಕೊಂಡ ದಿನದಿಂದ ಅಕ್ಷರ ಮಾತ್ರ ಬೇರೆ. ಒಂದು ದಿನವೂ ಖಾಲಿ ಇರಲಿಲ್ಲ.

"ಇದನ್ನ ನಾನು ಮೈಸೂರಿಗೆ ತಗೊಂಡು ಹೋಗಿ ಏನು ಮಾಡ್ಲಿ? ತೋಟದ ಲೆಕ್ಕ ತೋಟದಲ್ಲೇ ಇರ್ಲಿ. ಅಳೀತೀರಾ ಅಲ್ವಾ?" ಅಂತ ತೋಟ ಕೊಂಡ ಆ ಬೆಂಗಳೂರಿನ ಹುಡುಗಿಯನ್ನು ಕೇಳಿದರು. ಅವಳು ಹೂಂ ಅಂದಳು. ಆ ಹೊತ್ತಿಗೆ ಯಾರಾದರೂ ಹೂಂ ಅನ್ನುತ್ತಾರೆ, ನಾನು ನಂಬಲಿಲ್ಲ.

ಜೂನ್‌ನಲ್ಲಿ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ಎಂಟೂಕಾಲಿಗೆ ಅವಳ ಮೆಸೇಜ್ ಬಂತು, ಆಂಟಿಗೆ ಕಳಿಸಿ ಅಂತ. ಇವತ್ತು 61 ಮಿಲಿಮೀಟರ್. ನಾನು ಮೈಸೂರಿಗೆ ಕಳಿಸಿದೆ. ಎರಡೇ ನಿಮಿಷದಲ್ಲಿ ಫೋನ್ ಬಂತು.

"ಅದೇನದು ಮಿಲಿಮೀಟರು? ಎರಡು ಇಂಚು ನಲವತ್ತು ಸೆಂಟು ಅಂತ ಬರೆಯೋಕೆ ಹೇಳಿ ಆ ಹುಡುಗಿಗೆ."