ಜಿಪ್ಸಿಯ ನೆಲ

ಬ್ರೇಕ್ ಒತ್ತಿದರೆ ಹಿಂದಿನ ಸೀಟಿನ ಕೆಳಗಿದ್ದ ನೀರೆಲ್ಲ ಮುಂದೆ ಬಂದು ನನ್ನ ಕಾಲು ತೊಳೆಯುತ್ತಿತ್ತು. ಗಾಡಿ ಏರು ಹತ್ತಿದರೆ ಅದೇ ನೀರು ವಾಪಸ್ ಹಿಂದಕ್ಕೆ. ಕಳೆದ ಜುಲೈನಲ್ಲಿ ತಾಮ್ಹಿಣಿ ಘಾಟಿನಿಂದ ಪುಣೆಗೆ ಬರುವಾಗ ದಾರಿಯುದ್ದಕ್ಕೂ ಇದೇ ಆಟ. ಮಗನಿಗೆ ಮಜಾ. ಹಿಂದೆ ಕೂತು ಚಿಪ್ಸಿನ ಖಾಲಿ ಪ್ಯಾಕೆಟ್ಟನ್ನು ದೋಣಿ ಮಾಡಿ ಬಿಡುತ್ತಿದ್ದ. ಹೆಂಡತಿ ಚಪ್ಪಲಿ ತೆಗೆದು ಮಡಿಲಲ್ಲಿಟ್ಟುಕೊಂಡು ಹೊರಗೆ ನೋಡುತ್ತ ಕೂತಿದ್ದಳು. ಏನೂ ಅನ್ನಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ನನ್ನದು 2003ರ ಜಿಪ್ಸಿ. ಮೇಲೆ ಬಟ್ಟೆಯ ಹುಡ್. ಮಾರುತಿಯವರು 1985ರಲ್ಲಿ ತಂದ ಗಾಡಿ ಇದು. ಪೊಲೀಸರು, ಮಿಲಿಟರಿಯವರು, ರ‍್ಯಾಲಿ ಹುಚ್ಚಿನವರು ಎಲ್ಲರೂ ಓಡಿಸಿದ್ದಾರೆ. ಇಂಜಿನ್ ಕೈಕೊಡುವುದು ಕಡಿಮೆ, ತಗಡು ಕೈಕೊಡುತ್ತದೆ. ಅದರಲ್ಲೂ ನೆಲದ ತಗಡು. ಹುಡ್ಡಿನ ಅಂಚಿನಿಂದ ಮಳೆ ಒಳಗೆ ಬರುತ್ತದೆ, ಕಾರ್ಪೆಟ್ ಅದನ್ನು ಕುಡಿದು ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತದೆ, ಕೆಳಗೆ ತುಕ್ಕು ತನ್ನ ಪಾಡಿಗೆ ತಾನು ಬೆಳೆಯುತ್ತದೆ.

ಇದಕ್ಕೆ ಐದು ವರ್ಷದ ಹಿಂದೆಯೇ ಒಂದು ಉಪಾಯ ಮಾಡಿದ್ದೆ. ಗಾಡಿಯ ಹೊಟ್ಟೆಗೆ ಹೊಡೆಯುವ ಕಪ್ಪು ಡಾಂಬರಿನಂಥ ಕೋಟಿಂಗ್ ಇರುತ್ತದಲ್ಲ, ಅದನ್ನೇ ತಂದು ಒಳಗಿನ ನೆಲಕ್ಕೆ ಬಳಿದುಬಿಟ್ಟೆ. ಅಗ್ಗ, ಬ್ರಷ್ಷಿನಲ್ಲೇ ಬಳಿಯಬಹುದು, ಮತ್ತೇನು ಬೇಕು ಅಂತ. ಹೊಟ್ಟೆಯ ಕೆಳಗೆ ಅದು ಮೆತ್ತಗಿದ್ದರೇ ಒಳ್ಳೆಯದು, ಕಲ್ಲು ಸಿಡಿದರೆ ತಡೆದುಕೊಳ್ಳುತ್ತದೆ. ಒಳಗೆ ಮೆತ್ತಗಿದ್ದರೆ ಏನಾಗುತ್ತದೆ ಅಂತ ಏಪ್ರಿಲ್‌ನಲ್ಲಿ ಗೊತ್ತಾಯಿತು. ಬಿಸಿಲಿಗೆ ನಿಂತ ಗಾಡಿಯೊಳಗೆ ಅದು ಕರಗಿದ ಚಾಕೊಲೇಟಿನಂತಾಯಿತು. ಮಗನ ಸ್ಕೂಲ್ ಸಾಕ್ಸು, ಅಮ್ಮನ ಸೀರೆಯ ಅಂಚು, ಮನೆಯ ಬಿಳಿ ಟೈಲ್ಸು ಎಲ್ಲದಕ್ಕೂ ಪ್ರಸಾದ ಹಂಚಿದ್ದಾಯಿತು. ವಾಸನೆ ಬೇರೆ. ಆಮೇಲೆ ಅದರ ಮೇಲೆ ರಬ್ಬರ್ ಮ್ಯಾಟ್ ಹಾಕಿ ಮುಚ್ಚಿಟ್ಟೆ. ಮುಚ್ಚಿಟ್ಟದ್ದು ಜುಲೈನಲ್ಲಿ ತೇಲಿ ಬಂತು.

ಈ ಸಲ ಸರಿಯಾಗಿ ಮಾಡೋಣ ಅಂದುಕೊಂಡೆ. ಮಳೆ ಮುಗಿಯಿತು, ಚಳಿ ಬಂತು, ನಾನು ಇನ್ನೂ ಯಾವ ಕೋಟಿಂಗ್ ಅಂತ ಯೋಚಿಸುತ್ತಲೇ ಇದ್ದೆ.

ಕಣ್ಣು ಬಿದ್ದದ್ದು ಲೈನರ್ ಅನ್ನುವ ಗಟ್ಟಿ ಕೋಟಿಂಗಿನ ಮೇಲೆ. ಇದು ಪಿಕಪ್ ಗಾಡಿಗಳ ಹಿಂದಿನ ತೊಟ್ಟಿಗೆ ಅಂತ ಹುಟ್ಟಿದ್ದು. ಕಲ್ಲು, ಕಬ್ಬಿಣ, ಸೌದೆ ಎಳೆದಾಡಿದರೂ ಬಣ್ಣ ಕಿತ್ತುಬರಬಾರದು, ಅಷ್ಟೆ. ಅದನ್ನೇ ಜೀಪಿನವರು ಒಳಗಿನ ನೆಲಕ್ಕೂ ತಂದುಕೊಂಡರು. ಇದರಲ್ಲಿ ಎಲ್ಲಕ್ಕಿಂತ ಗಟ್ಟಿ ಜಾತಿ ಅಂದರೆ ಪಾಲಿಯೂರಿಯಾ. ಲೈನ್-ಎಕ್ಸ್ ಥರದ ಅಂಗಡಿಗಳಲ್ಲಿ ಎರಡು ದ್ರವಗಳನ್ನು ಬಿಸಿ ಮಾಡಿ ಭಾರಿ ಒತ್ತಡದಲ್ಲಿ ಸಿಂಪಡಿಸುತ್ತಾರೆ. ಬಿದ್ದ ಕೆಲವೇ ಸೆಕೆಂಡಿನಲ್ಲಿ ಗಟ್ಟಿ. ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ, ಅದಕ್ಕೆ ಬೇಕಾದ ಯಂತ್ರವೇ ಬೇರೆ. ಎರಡನೆಯದು ಒಂದೇ ಡಬ್ಬಿಯ ಪಾಲಿಯುರೆಥೇನ್, ಒಳಗೆ ರಬ್ಬರಿನ ಪುಡಿ. ಗಾಳಿಯಲ್ಲಿನ ತೇವ ಕುಡಿದು ಗಟ್ಟಿಯಾಗುತ್ತದೆ. ಬೆರೆಸುವ ರಗಳೆ ಇಲ್ಲ. ಕಾರವಾರದ ನನ್ನ ಗೆಳೆಯನೊಬ್ಬ ಮಡಗಾಂವ್‌ನಲ್ಲಿದ್ದಾನೆ, ಅವನು ಇದನ್ನೇ ತನ್ನ ಬಿಚ್ಚು ಜೀಪಿಗೆ ಬಳಿದಿದ್ದ. ದಪ್ಪಗೆ ಬಳಿದ ಕಡೆ ಗೋವಾದ ತೇವಕ್ಕೆ ಸಣ್ಣ ಸಣ್ಣ ಗುಳ್ಳೆ ಎದ್ದಿತ್ತು. ತೇವದ ಜೊತೆ ಸೇರಿದಾಗ ಒಳಗೆ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಹೊರಗೆ ಹೋಗಲು ದಾರಿ ಸಿಗದಿದ್ದರೆ ಗುಳ್ಳೆಯಾಗಿ ಕೂರುತ್ತದೆ. ಅಲ್ಲದೆ ಎರಡು ವರ್ಷದ ಬಿಸಿಲಿಗೆ ಕಪ್ಪು ಹೋಗಿ ಸ್ಲೇಟಿನ ಮೇಲೆ ಒದ್ದೆ ಬಟ್ಟೆ ಎಳೆದಂತಾಗಿತ್ತು. ಇದರಲ್ಲಿ ಅರೊಮ್ಯಾಟಿಕ್, ಅಲಿಫ್ಯಾಟಿಕ್ ಅಂತ ಎರಡು ಬಗೆ ಇದೆಯಂತೆ. ಮೊದಲನೆಯದಕ್ಕೆ ಬಿಸಿಲು ಆಗಿಬರುವುದಿಲ್ಲ. ಮುಚ್ಚಿದ ಕಾರಿಗೆ ಅದು ಲೆಕ್ಕಕ್ಕಿಲ್ಲ. ಜನವರಿಯಿಂದ ಮೇವರೆಗೆ ಹುಡ್ ಬಿಚ್ಚಿ ಓಡಾಡುವ ನನ್ನಂಥವನಿಗೆ ಲೆಕ್ಕ.

ಉಳಿದದ್ದು ಎರಡು ಡಬ್ಬಿಯದು. ನಾನು ಆರಿಸಿದ ಬ್ರಾಂಡ್ ರ‍್ಯಾಪ್ಟರ್. ಲೈನರ್ ಮೂರು ಪಾಲು, ಅದನ್ನು ಗಟ್ಟಿ ಮಾಡುವ ಹಾರ್ಡನರ್ ಒಂದು ಪಾಲು. ಬಾಟಲಿಯಲ್ಲೇ ಬೆರೆಸಿ, ಅದೇ ಬಾಟಲಿಯನ್ನು ಗನ್ನಿಗೆ ತಿರುಗಿಸಿ ಸಿಂಪಡಿಸುತ್ತಾರೆ. ರೋಲರಿನಲ್ಲೂ ಎಳೆಯಬಹುದು. ಸಿಂಪಡಿಸಿದರೆ ಸಣ್ಣ ಹರಳಿನಂಥ ಚಂದದ ಮೈ ಬರುತ್ತದೆ, ರೋಲರಿನಲ್ಲಿ ಕಿತ್ತಳೆ ಸಿಪ್ಪೆಯಂತೆ ಸ್ವಲ್ಪ ಒರಟು. ನನಗೆ ಸಿಂಪಡಿಸುವ ಆಸೆಯೇ ಇತ್ತು. ಬಾಡಿಗೆಗೆ ಕಂಪ್ರೆಸರ್ ಕೂಡ ನೋಡಿಟ್ಟಿದ್ದೆ.

ಆದರೆ ನಾವಿರುವುದು ಪುಣೆಯ ಕೊಥ್ರೂಡಿನ ಹಳೆಯ ಹೌಸಿಂಗ್ ಸೊಸೈಟಿ. ಜಿಪ್ಸಿಯ ಎಡಕ್ಕೆ ಬಿಳಿ ಸ್ವಿಫ್ಟ್, ಬಲಕ್ಕೆ ಇನ್ನೂ ಸೀಟಿನ ಪ್ಲಾಸ್ಟಿಕ್ ತೆಗೆಯದ ಹೊಸ ಕ್ರೆಟಾ. ಕಾರ್ಯದರ್ಶಿ ಅಜ್ಜ ನನ್ನ ಮಾತು ಪೂರ್ತಿ ಕೇಳಲೇ ಇಲ್ಲ. "ಸ್ಪ್ರೇ-ಬಿಪ್ರೇ ಕಾಹೀ ನಕೋ" ಅಂದರು, ಸ್ಪ್ರೇ-ಗೀಪ್ರೇ ಏನೂ ಬೇಡ ಅಂತ. ನಿಜ ಹೇಳಬೇಕೆಂದರೆ ಅವರು ಹೇಳಿದ್ದೇ ಸರಿ. ಗಾಳಿಗೆ ಹಾರಿದ ಹನಿ ಪಕ್ಕದ ಕ್ರೆಟಾದ ಮೇಲೆ ಕೂತು ಗಟ್ಟಿಯಾಗಿದ್ದರೆ ನಾನು ಗಾಡಿ ಮಾರಿ ದಂಡ ಕಟ್ಟಬೇಕಿತ್ತು.

ಸಿಂಪಡಿಸುವುದು ಬಿಟ್ಟು ರೋಲರ್ ಹಿಡಿಯಲು ಇನ್ನೊಂದು ಕಾರಣ ಹಾರ್ಡನರ್ ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿತ್ತು. ಐಸೋಸಯನೇಟ್. ಭೋಪಾಲದ ಹೆಸರು ಕೇಳಿ ಬೆಳೆದವರಿಗೆ ಆ ಪದ ಕಂಡರೆ ಕೈ ಒಂದು ಕ್ಷಣ ನಿಲ್ಲುತ್ತದೆ. 1984ರಲ್ಲಿ ಅಲ್ಲಿ ಸೋರಿದ್ದು ಮಿಥೈಲ್ ಐಸೋಸಯನೇಟ್, ಅನಿಲವಾಗಿ ಹಬ್ಬಿದ ವಿಷ. ಇದು ಅದಲ್ಲ, ಆದರೆ ಅದೇ ಮನೆತನದ್ದು. ಇದರ ಮಂಜು ಉಸಿರಿಗೆ ಹೋದರೆ ಕೆಲವರಿಗೆ ಆಸ್ತಮಾ ಹತ್ತಿಕೊಳ್ಳುತ್ತದೆ. ಒಮ್ಮೆ ಮೈಗೆ ಆಗದಂತಾದರೆ ಆಮೇಲೆ ಚೂರು ತಗುಲಿದರೂ ಆಗುವುದಿಲ್ಲ. ಸಿಂಪಡಿಸುವವರಿಗೆ ಹೊರಗಿನಿಂದ ಗಾಳಿ ಕೊಡುವ ಮುಖವಾಡ ಬೇಕು ಅನ್ನುತ್ತಾರೆ. ಕೋವಿಡ್ ಕಾಲದ ಎನ್95 ಪೆಟ್ಟಿಗೆ ಮನೆಯಲ್ಲಿ ಇನ್ನೂ ಇತ್ತು, ಆದರೆ ಅದು ಧೂಳಿಗೆ, ಆವಿಗೆ ಅಲ್ಲ. ರೋಲರಿನಲ್ಲಿ ಅಷ್ಟು ಮಂಜು ಏಳುವುದಿಲ್ಲ. ಆದರೂ ಆವಿ ಹಿಡಿಯುವ ಕಾರ್ಟ್ರಿಡ್ಜ್ ಇರುವ ಮಾಸ್ಕು, ಕನ್ನಡಕ, ನೈಟ್ರೈಲ್ ಕೈಗವಸು ತಂದೆ. ಕೋಟಿಂಗಿಗೆ ಚೌಕಾಸಿ ಮಾಡಿದವನು ಮಾಸ್ಕಿಗೆ ಮಾಡಲಿಲ್ಲ. ಬಣ್ಣದ ಬಗ್ಗೆ ಮನೆಯಲ್ಲಿ ಐದೇ ನಿಮಿಷದ ಚರ್ಚೆ. ಕಪ್ಪು ಬೇಡ, ಮುಳಶಿಯ ಕೆಂಪು ಕೆಸರು ಎದ್ದು ಕಾಣುತ್ತದೆ, ಬಿಸಿಲಿಗೆ ಕಾಲು ಬೇರೆ ಸುಡುತ್ತದೆ ಅಂತ ಹೆಂಡತಿ. ಹಾಗಾಗಿ ಬಣ್ಣ ಬೆರೆಸಿಕೊಳ್ಳುವ ಬಗೆಯದನ್ನು ತಂದು ಬೂದಿ ಬಣ್ಣ ಮಾಡಿಕೊಂಡೆವು.

ಮೇ ಮೊದಲ ವಾರ ಸೀಟು ಬಿಚ್ಚಿದೆ. ಹಳೆಯ ಡಾಂಬರ್ ತೆಗೆಯಲು ಮೂರು ಭಾನುವಾರ ಹೋಯಿತು. ಹೀಟ್ ಗನ್ನು, ಪುಟ್ಟಿ ಹಚ್ಚುವ ಕತ್ತಿ, ಸೀಮೆಎಣ್ಣೆಯ ಬಟ್ಟೆ. ನಾನೇ ಬಳಿದದ್ದನ್ನು ನಾನೇ ಕೆರೆಯುವಾಗ ಬೈಯಲು ಯಾರೂ ಇರಲಿಲ್ಲ. ಕೊನೆಗೆ ತಗಡು ಕಂಡಿತು. ಡ್ರೈವರ್ ಕಾಲಿನ ಹತ್ತಿರ ಬಣ್ಣ ಉಬ್ಬಿತ್ತು. ಸ್ಕ್ರೂಡ್ರೈವರ್ ಹಿಡಿದು ಮೆಲ್ಲಗೆ ಕುಟ್ಟಿದೆ. ಟಣ್, ಟಣ್, ಟಣ್, ಆಮೇಲೆ ಒಂದು ಕಡೆ ಬರೀ ಪುಸ್. ಸ್ಕ್ರೂಡ್ರೈವರ್ ಹಿಡಿಕೆಯವರೆಗೂ ಇಳಿದಿತ್ತು. ಬಗ್ಗಿ ನೋಡಿದರೆ ಪಾರ್ಕಿಂಗಿನ ಸಿಮೆಂಟು ಕಾಣುತ್ತಿದೆ, ಅದರ ಮೇಲೆ ಒಂದು ಇರುವೆ ಸಾಲು.

ಇದರ ಮೇಲೆ ಲೈನರ್ ಬಳಿದಿದ್ದರೆ ಏನಾಗುತ್ತಿತ್ತು? ಒಂದು ವರ್ಷ ಚೆನ್ನಾಗಿ ಕಾಣುತ್ತಿತ್ತು. ಮೇಲಿನ ನೀರನ್ನು ಅದು ತಡೆಯುತ್ತದೆ, ಸರಿ. ಆದರೆ ಕೆಳಗಿನ ತೂತಿನಿಂದ ಬಂದ ನೀರನ್ನೂ ಹೊರಗೆ ಬಿಡುವುದಿಲ್ಲ. ತುಕ್ಕಿಗೆ ತಗಡು ಊಟ, ಲೈನರ್ ಚಾದರ.

ಗಾಡಿಯನ್ನು ಎಳೆಸಿಕೊಂಡು ಭೋಸರಿಗೆ ಹೋದೆ. ಅಲ್ಲೊಬ್ಬ ವೆಲ್ಡರ್ ಇದ್ದಾನೆ, ಇಂಡಿ ತಾಲೂಕಿನ ಕಡೆಯವನು. ನನ್ನ ಶಿರಸಿ ಕನ್ನಡ ಕೇಳಿದರೆ ಅವನಿಗೆ ನಗು, ಅವನ ಮಾತು ನನಗೆ ಅರ್ಧ ಹಾಡಿನ ಹಾಗೆ. ತೂತಿನಲ್ಲಿ ಬೆರಳಾಡಿಸಿ, "ಸಾಹೇಬ್ರ, ನೀವು ಬಣ್ಣ ಹುಡುಕಾಕತ್ತೀರಿ, ಇಲ್ಲಿ ಗ್ವಾಡಿನ ಇಲ್ಲ" ಅಂದ. ಕೊಳೆತದ್ದನ್ನು ಚೌಕವಾಗಿ ಕತ್ತರಿಸಿ 18 ಗೇಜಿನ ಸಿಆರ್ ಶೀಟ್, ಅಂದರೆ ಲೇಪವಿಲ್ಲದ ಉಕ್ಕಿನ ತಗಡು, ಕೂರಿಸಿದ. ಸತು ಲೇಪಿಸಿದ ಜಿಐ ಶೀಟ್ ಹಾಕಿದರೆ ತುಕ್ಕು ಬರುವುದಿಲ್ಲವಲ್ಲ ಅಂತ ನಾನು ಬುದ್ಧಿವಂತಿಕೆ ತೋರಿಸಿದೆ. ಸುಟ್ಟಾಗ ಅದರ ಸತುವಿನ ಹೊಗೆ ಕುಡಿದು ಜ್ವರ ಬಂದರೆ ನೀವು ಬಂದು ನೋಡ್ತೀರೇನು ಅಂತ ಕೇಳಿದ. ಸುಮ್ಮನಾದೆ. ಜೋಡಣೆಗೆ ಸೀಲರ್, ಬರಿ ಲೋಹಕ್ಕೆ ಎಪಾಕ್ಸಿ ಪ್ರೈಮರ್, ಕೆಳಗಿನಿಂದಲೂ ಒಂದು ಕೋಟು. ಲೈನರಿಗಿಂತ ಜಾಸ್ತಿ ದುಡ್ಡು ಇಲ್ಲೇ ಹೋಯಿತು.

ಆಮೇಲೆ ಉಜ್ಜುವ ಕೆಲಸ. ಹೊಳಪಿರುವ ಬಣ್ಣದ ಮೇಲೆ ಲೈನರ್ ಹಿಡಿಯುವುದಿಲ್ಲ, ಮೂಲೆ ಮೂಲೆಯೂ ಮಂಕಾಗಬೇಕು. ತಂದ ಕೆಂಪು ಪ್ಯಾಡ್ ಮುಗಿದ ಮೇಲೆ ಅಡುಗೆಮನೆಯ ಹಸಿರು ಸ್ಕ್ರಬ್ಬರುಗಳೂ ಕಾಣೆಯಾಗತೊಡಗಿದವು. ಗ್ರೀಸ್ ಹೋಗಿದೆಯೋ ಇಲ್ಲವೋ ನೋಡಲು ವೆಲ್ಡರ್ ಒಂದು ಸುಲಭದ ದಾರಿ ಹೇಳಿದ್ದ. ನೀರು ಚಿಮುಕಿಸು. ನೀರು ಹಾಳೆಯಂತೆ ಹರಡಿದರೆ ಸ್ವಚ್ಛ. ಕೆಸುವಿನೆಲೆಯ ಮೇಲಿನಂತೆ ಗುಂಡುಗುಂಡಾಗಿ ನಿಂತರೆ ಇನ್ನೂ ಜಿಡ್ಡಿದೆ. ಸೀಟಿನ ಹಳಿಗಳ ಪಕ್ಕ ನಾಲ್ಕು ಸಲ ಒರೆಸಿದ ಮೇಲೂ ಕೆಸುವಿನೆಲೆಯೇ. ಐದನೆಯ ಸಲ ಸೋತಿತು.

ಬಳಿಯುವ ದಿನ ಬೆಳಿಗ್ಗೆ ಆರಕ್ಕೆ ಶುರು. ಮೇ ಬಿಸಿಲು ಏರಿದರೆ ಬೆರೆಸಿದ್ದು ಬೇಗ ಗಟ್ಟಿಯಾಗುತ್ತದೆ. ಮೊದಲ ರೋಲರ್ ಹತ್ತು ನಿಮಿಷಕ್ಕೆ ಕರಗಿಹೋಯಿತು. ಬೋಹರಿ ಆಳಿಯಲ್ಲಿ ಕಡಿಮೆಗೆ ಸಿಕ್ಕಿತು ಅಂತ ತಂದ ಸ್ಪಂಜಿನ ರೋಲರ್, ಥಿನ್ನರಿಗೆ ತಡೆಯಲಿಲ್ಲ. ಅದರ ಚೂರುಗಳನ್ನು ಚಿಮುಟದಲ್ಲಿ ಹೆಕ್ಕಿದೆ. ಎರಡನೆಯದು ಸಾಲ್ವೆಂಟ್ ತಡೆಯುವಂಥದ್ದು, ಅದು ಬಾಳಿತು. ಮಗ್ಗಿನಲ್ಲಿ 300 ಮಿಲಿ ಲೈನರಿಗೆ 100 ಮಿಲಿ ಹಾರ್ಡನರ್, ಎರಡು ನಿಮಿಷ ಕಲಕುವುದು, ಬಳಿಯುವುದು. ಒಂದು ಕೋಟು ಮುಗಿಸಿ ಒಂದು ಗಂಟೆ ಬಿಟ್ಟು ಇನ್ನೊಂದು. ಹನ್ನೊಂದು ಗಂಟೆಗೆ ಸೊಕ್ಕು ಬಂತು. ಚಿಕ್ಕ ಚಿಕ್ಕ ಪಾಲು ಯಾಕೆ ಅಂತ ಒಂದೇ ಸಲಕ್ಕೆ ಒಂದು ಲೀಟರ್ ಬೆರೆಸಿದೆ. ಅಷ್ಟರಲ್ಲಿ ಊರಿನಿಂದ ಫೋನು. ಅಡಿಕೆ ತೋಟದ ಬೇಲಿ ವಿಷಯ, ಚಿಕ್ಕದರಲ್ಲಿ ಮುಗಿಯುವಂಥದ್ದಲ್ಲ. ಮಾತಾಡಿ, ಚಹಾ ಕುಡಿದು ಬಂದು ರೋಲರ್ ಎತ್ತಿದರೆ ಮಗ್ಗೂ ಜೊತೆಗೇ ಎದ್ದು ಬಂತು. ಬಗ್ಗಿಸಿದೆ, ಅಲ್ಲಾಡಿಸಿದೆ, ಬಿಡಲಿಲ್ಲ. ಮಗ ಅದನ್ನು ಗದೆ ಮಾಡಿಕೊಂಡು ಇಡೀ ಸೊಸೈಟಿ ಸುತ್ತಿದ. ಮೂರು ಬಾಟಲಿ ಸಾಕಾಗಬೇಕಿತ್ತು, ನಾಲ್ಕನೆಯದನ್ನೂ ಒಡೆದೆ.

ಒಂದು ವಾರ ಮುಟ್ಟಲಿಲ್ಲ. ಆಮೇಲೆ ಸೀಟು ಕೂರಿಸಿದೆ. ಬೋಲ್ಟಿನ ತೂತುಗಳಿಗೆ ಮೊದಲೇ ಹಳೆಯ ಬೋಲ್ಟು ತಿರುಗಿಸಿಟ್ಟಿದ್ದರಿಂದ ಸೀಟು, ಸೀಟ್ ಬೆಲ್ಟು ಎರಡೂ ಸರಾಗ ಕೂತವು. ಬೂದಿ ಬಣ್ಣದ ನೆಲ, ಒರಟು, ಒದ್ದೆ ಕಾಲಿಗೂ ಜಾರುವುದಿಲ್ಲ. ಬೀಗಿದೆ. ಸಂಜೆ ಲೈಟ್ ಹಾಕಿ ನೋಡಿದರೆ ಹಿಂದಿನ ಎಡಗಡೆಯ ಲೈಟು ಮಿಣಮಿಣ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಕೂಡ ಮಿಣುಕುತ್ತಿದೆ. ಫ್ಯೂಸ್ ನೋಡಿದೆ, ಬಲ್ಬ್ ಬದಲಿಸಿದೆ, ನಾನಾ ಪೇಠೆಗೆ ಹೋಗಿ ಹೊಸ ಹೋಲ್ಡರ್ ತಂದೆ. ಎರಡು ದಿನ ಆದ ಮೇಲೆ ಹೊಳೆಯಿತು. ಲೈಟಿನ ಅರ್ತಿಂಗ್ ವೈರು ಗಾಡಿಯ ಮೈಗೆ ಕೂರುವ ಜಾಗಕ್ಕೂ ಲೈನರ್ ಬಳಿದಿದ್ದೆ, ಒಂದಲ್ಲ ಎರಡು ಕೋಟು. ವಿದ್ಯುತ್ತಿಗೆ ದಾರಿಯೇ ಇಲ್ಲ. ಒಂದು ರೂಪಾಯಿ ನಾಣ್ಯದಷ್ಟು ಜಾಗ ಕೆರೆಯಲು ಅರ್ಧ ಗಂಟೆ ಹಿಡಿಯಿತು. ಬೇಸರಕ್ಕಿಂತ ಖುಷಿಯೇ ಜಾಸ್ತಿ ಆಯಿತು. ಅಷ್ಟು ಗಟ್ಟಿಯಾಗಿ ಹಿಡಿದಿತ್ತಲ್ಲ.

ಜೂನ್ ಕೊನೆಗೆ ಮತ್ತೆ ತಾಮ್ಹಿಣಿಗೆ ಹೋದೆವು. ಗಾಡಿಯ ಸದ್ದು ಹಾಗೇ ಇದೆ, ಶಾಖ ಹಾಗೇ ಇದೆ. ತಗಡಿನ ಮೇಲೆ ಇಷ್ಟು ಬಳಿದರೆ ಅದೆಲ್ಲ ನಿಲ್ಲುತ್ತದೆ ಅಂತ ಹೇಳುವವರನ್ನು ನಂಬಬೇಡಿ. ಹುಡ್ ಕೂಡ ಹಾಗೇ ಸೋರುತ್ತಿದೆ, ಅದಕ್ಕಿನ್ನೂ ಕೈ ಹಾಕಿಲ್ಲ. ಘಾಟ್ ಇಳಿಯುವ ಹೊತ್ತಿಗೆ ನೀರು ಮತ್ತೆ ಮುಂದೆ ಬಂತು. ಹೆಂಡತಿ ನನ್ನ ಮುಖ ನೋಡಿದಳು. ಗಾಡಿ ಬದಿಗೆ ನಿಲ್ಲಿಸಿ, ಮ್ಯಾಟ್ ಸರಿಸಿ, ನೆಲದ ರಬ್ಬರ್ ಬಿರಡೆ ಎಳೆದೆ. ಗುಳುಗುಳು ಅಂತ ಅಷ್ಟೂ ನೀರು ರಸ್ತೆಗೆ ಹೋಯಿತು. ಚಿಪ್ಸಿನ ಪ್ಯಾಕೆಟ್ ಮಾತ್ರ ತೂತಿನ ಬಾಯಿಗೆ ಬಂದು ಸಿಕ್ಕಿಕೊಂಡಿತು.