ಹೈಡ್ ಪಾರ್ಕಿನ ಮರ್ಯಾದೆ ದೀಪಗಳು

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮೂರು ದಿನ ಇದ್ದೆವು. ಬರೆಯಬೇಕು ಅನ್ನಿಸಿದ್ದು ಅಲ್ಲಿನ ‘ಹೈಡ್ ಪಾರ್ಕ್ ಪಿಕ್ಚರ್ ಹೌಸ್’ ಎಂಬ ಹಳೆಯ ಸಿನಿಮಾ ಥಿಯೇಟರ್‌ನಲ್ಲಿ ಕಳೆದ ಒಂದು ಸಂಜೆಯ ಬಗ್ಗೆ ಮಾತ್ರ.

ಮೊದಲೇ ಹೇಳಿಬಿಡುತ್ತೇನೆ, ಟ್ಯಾಕ್ಸಿಯವರಿಗೆ ಬರೀ ‘ಹೈಡ್ ಪಾರ್ಕ್’ ಅನ್ನಬೇಡಿ. ಅದು ಇಡೀ ಬಡಾವಣೆಯ ಹೆಸರು. ನಮ್ಮನ್ನು ಒಂದು ದೊಡ್ಡ ಪಾರ್ಕಿನ ಹತ್ತಿರ ಇಳಿಸಿ ಹೋಗಿಬಿಟ್ಟರು. ಅಕ್ಕನಿಗೆ ಮಂಡಿನೋವು, ಮೇಲೆ ಜಿಟಿಜಿಟಿ ಮಳೆ. ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ‘ಹೈಡ್ ಪಾರ್ಕ್ ಪಿಕ್ಚರ್ ಹೌಸ್, ಬ್ರುಡೆನೆಲ್ ರೋಡ್’ ಅಂತ ಪೂರ್ತಿ ಹೇಳಿ.

ಇಟ್ಟಿಗೆ ಮನೆಗಳ ಸಾಲಿನ ನಡುವೆ, ರಸ್ತೆಯ ಮೂಲೆಯಲ್ಲಿ, ಬಿಳಿ ಕಂಬಗಳ ಪುಟ್ಟ ಥಿಯೇಟರ್. 1914ರ ನವೆಂಬರ್‌ನಲ್ಲಿ, ಮೊದಲ ಮಹಾಯುದ್ಧ ಶುರುವಾದ ಕೆಲವೇ ತಿಂಗಳಿಗೆ ತೆರೆದದ್ದು. ದುರಸ್ತಿಗೆಂದು ಮುಚ್ಚಿ, 2023ರ ಜೂನ್‌ನಲ್ಲಿ ಮತ್ತೆ ಬಾಗಿಲು ತೆರೆದಿದ್ದಾರೆ. ನೆಲಮಾಳಿಗೆಯಲ್ಲಿ ಎರಡನೇ ಪರದೆ ಬಂದಿದೆ. ಹೊಸ ಕಟ್ಟಡವನ್ನು ಪಕ್ಕಕ್ಕೆ ಸೇರಿಸಿದ್ದಾರೆ, ಹಳೆಯ ಮುಖವನ್ನು ಮುಟ್ಟಿಲ್ಲ. ನನಗೆ ಅದು ತುಂಬಾ ಹಿಡಿಸಿತು.

ಒಳಗೆ ಹೋದರೆ ಗೋಡೆಯ ಮೇಲೆ ಗ್ಯಾಸ್ ದೀಪಗಳು. ಅಲಂಕಾರಕ್ಕಲ್ಲ, ನಿಜವಾಗಿ ಉರಿಯುತ್ತಿದ್ದವು! ಟಿಕೆಟ್ ನೋಡುತ್ತಿದ್ದ ಹಿರಿಯರನ್ನು ಕೇಳಿದೆ: “ಸಿನಿಮಾ ಶುರುವಾದಾಗ ಆರಿಸುತ್ತೀರಾ?”

“ಇಲ್ಲ, ಸಣ್ಣಗೆ ಉರೀತಾನೇ ಇರುತ್ತವೆ. ಆಗಿನ ಜನಕ್ಕೆ ಕತ್ತಲೆಯಲ್ಲಿ ಏನು ನಡೆಯುತ್ತದೋ ಅನ್ನೋ ಅಳುಕು. ಅದಕ್ಕೇ ಇವನ್ನು ಮಾಡೆಸ್ಟಿ ಲೈಟ್ ಅಂತಾರೆ.”

“ಮರ್ಯಾದೆ ದೀಪ ಅನ್ನು,” ಅಂದಳು ಅಕ್ಕ. ಅವರಿಗೆ ಅರ್ಥ ಹೇಳಿದೆ. ಎರಡು ಸಲ ಹೇಳಿಸಿಕೊಂಡು, ತಾವೂ ‘ಮರ್ಯಾದೆ’ ಅಂದು ನೋಡಿದರು.

“ಕರೆಂಟಿನ ಬಲ್ಬ್ ಹಾಕಿದ್ದರೆ ಸುಲಭ ಆಗ್ತಿತ್ತು ಅಲ್ವಾ?” ಅಂದೆ.

“ಸುಲಭ ಆಗ್ತಿತ್ತು. ಆದರೆ ಇದು ಹೈಡ್ ಪಾರ್ಕ್ ಆಗ್ತಿರಲಿಲ್ಲ.”

ಗ್ಯಾಸ್ ದೀಪ ಉರಿಯುವ ಥಿಯೇಟರ್ ಜಗತ್ತಿನಲ್ಲಿ ಇದೊಂದೇ ಉಳಿದಿರುವುದು ಎನ್ನುತ್ತಾರೆ. ಬಾಲ್ಕನಿಯಲ್ಲಿ ಕೂತೆವು. ನೀವೂ ಅಲ್ಲೇ ಕೂತುಕೊಳ್ಳಿ. ಸಿನಿಮಾ ಸಾಧಾರಣವಾಗಿತ್ತು. ನನ್ನ ಕಣ್ಣು ಪದೇಪದೇ ಬಲಗೋಡೆಗೇ ಹೋಗುತ್ತಿತ್ತು. ಜೇನಿನ ಬಣ್ಣದ ಬೆಳಕು. ಅದು ಪರದೆಗೆ ಅಡ್ಡಿ ಮಾಡುತ್ತಿರಲಿಲ್ಲ, ಆದರೆ ಅಕ್ಕನ ಕೈಬಳೆ ಕಾಣುವಷ್ಟಿತ್ತು. ನೂರು ವರ್ಷದ ಹಿಂದೆ, ಮಗನನ್ನು ಯುದ್ಧಕ್ಕೆ ಕಳಿಸಿದ ತಾಯಂದಿರೂ ಇದೇ ಬೆಳಕಲ್ಲಿ ಕೂತಿರಬೇಕು ಅನ್ನಿಸಿ ಗಂಟಲು ಕಟ್ಟಿತು.

ಸಿನಿಮಾ ಮುಗಿದು ಎಲ್ಲರೂ ಎದ್ದರು. ಅಕ್ಕ ಏಳಲಿಲ್ಲ. “ಇನ್ನೊಂದು ಚೂರು ಇರೋಣ ಕಣೋ,” ಅಂದಳು. ಬಾಗಿಲ ಹತ್ತಿರ ಕಾಯುತ್ತಿದ್ದ ಆ ಹಿರಿಯರು ಅವಸರ ಮಾಡಲಿಲ್ಲ.