ಹಾಡಿನ ನಡುವಿನ ಉಸಿರು

ಈ ಕ್ರಿಸ್ಮಸ್ ಕಾಲದಲ್ಲಿ ದೇವರು ನನಗೆ ತೋರಿದ ದೊಡ್ಡ ಕೃಪೆಯೆಂದರೆ, ಕರ್ತನ ಜನನದ ಹಳೆಯ ಹಾಡುಗಳನ್ನು ಹಲವು ಭಾಷೆಗಳಲ್ಲಿ ಧ್ವನಿಮುದ್ರಿಸುವ ಸೇವೆಯಲ್ಲಿ ಬೀದರಿನ ನಮ್ಮ ಸಭೆಯವರೊಂದಿಗೆ ಕುಳಿತುಕೊಳ್ಳುವ ಭಾಗ್ಯ ಸಿಕ್ಕಿದ್ದು. ಹಾಡಿದವರಲ್ಲಿ ಸಂಗೀತ ಕಲಿತವರು ತೀರ ಕಡಿಮೆ. ಹೊಲದ ಕೆಲಸ ಮುಗಿಸಿ ಬಂದವರು, ಆಸ್ಪತ್ರೆಯಲ್ಲಿ ದಾದಿಯರಾಗಿ ದುಡಿದು ನಿವೃತ್ತರಾದವರು, ಸಂಡೇ ಸ್ಕೂಲಿನ ಮಕ್ಕಳು, ಕಣ್ಣು ಮಂಜಾದ ಮುದುಕಿಯರು ಎಲ್ಲರೂ ಬಂದರು. ಕನ್ನಡ, ತೆಲುಗು, ಮರಾಠಿ, ಉರ್ದು, ಹಿಂದಿ ಹೀಗೆ ಯಾರ ಮನೆಯಲ್ಲಿ ಯಾವ ಭಾಷೆಯಿದೆಯೋ ಆ ಭಾಷೆಯಲ್ಲಿ ಹಾಡಿದರು. ಯಾರಿಗೂ ಒಂದು ಪೈಸೆಯ ಅಪೇಕ್ಷೆ ಇರಲಿಲ್ಲ. ಹಾಡಿನ ಕೆಳಗೆ ತಮ್ಮ ಹೆಸರು ಬೇಕೆಂದವರೂ ಇಲ್ಲ.

ಇಂಥ ಸೇವೆಯನ್ನು ಲೋಕದಲ್ಲಿ ಬೇರೆಯವರು ನಮಗಿಂತ ಮೊದಲೇ ಮಾಡುತ್ತ ಬಂದಿದ್ದಾರೆ. 2005ರಲ್ಲಿ ಕೆನಡಾದ ಹ್ಯೂ ಮೆಗೈರ್ ಎಂಬವರು ಆರಂಭಿಸಿದ ಲಿಬ್ರಿವಾಕ್ಸ್ ಎಂಬ ಸ್ವಯಂಸೇವಕರ ಬಳಗವು ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಓದಿ, ಯಾರು ಬೇಕಾದರೂ ಕೇಳುವಂತೆ ಉಚಿತವಾಗಿ ಕೊಡುತ್ತದೆ. ಕ್ರಿಸ್ಮಸ್ ಹಾಡುಗಳನ್ನೂ ಅಲ್ಲಿ ನಾನಾ ದೇಶದವರು ತಮ್ಮ ತಮ್ಮ ಭಾಷೆಗಳಲ್ಲಿ ಹಾಡಿ ಸೇರಿಸಿದ್ದಾರೆ. ನಮ್ಮ ಯುವಕರು ಆ ಹಾಡುಗಳನ್ನು ಕೇಳಿ, ಅದೇ ನಿಯಮವನ್ನು ತಮಗೂ ಹಾಕಿಕೊಂಡರು. ನಮ್ಮ ದೇಶದಲ್ಲಿ ಹಾಡು ಬರೆದವರು ತೀರಿಕೊಂಡು 60 ವರ್ಷ ಕಳೆಯುವ ತನಕ ಹಕ್ಕು ಅವರ ವಾರಸುದಾರರದೇ ಆಗಿರುತ್ತದೆ. ಹಾಗಾಗಿ ಈಚಿನ ಕ್ಯಾಸೆಟ್ಟಿನ ಹಾಡುಗಳೂ ಸಿನಿಮಾ ಧಾಟಿಯ ಹಾಡುಗಳೂ ತಾವಾಗಿಯೇ ಹೊರಗುಳಿದವು. ಹೊಸದನ್ನು ಮುಟ್ಟಬಾರದೆಂಬ ಕಟ್ಟಳೆಯೇ ನಮ್ಮನ್ನು ಹಳಬರ ಬಾಗಿಲಿಗೆ ಕರೆದೊಯ್ದಿತು. ಇದರಲ್ಲಿ ದೇವರ ಕೈ ಇತ್ತೆಂದೇ ನಾನು ನಂಬುತ್ತೇನೆ.

ಲೋಕಕ್ಕೆಲ್ಲ ಗೊತ್ತಿರುವ ಹಾಡುಗಳೂ ಒಂದು ಕಾಲದಲ್ಲಿ ಯಾವುದೋ ಒಂದು ಊರಿನ ಬಡಜನರ ಹಾಡುಗಳೇ ಆಗಿದ್ದವು ಎಂಬುದನ್ನು ನಾವು ಮರೆಯುತ್ತೇವೆ. ‘ಸೈಲೆಂಟ್ ನೈಟ್’ ಎಂದು ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಹಾಡುವ ಗೀತೆಯ ಮೂಲ ಜರ್ಮನ್. ಬಡ ಹೆಣ್ಣುಮಗಳೊಬ್ಬಳ ಮಗನಾಗಿ ಹುಟ್ಟಿದ ಯೋಸೆಫ್ ಮೋರ್ ಎಂಬ ಪಾದ್ರಿ ಅದನ್ನು 1816ರಲ್ಲಿ ಬರೆದರು. ಶಾಲಾಮಾಸ್ತರರಾಗಿದ್ದ ಫ್ರಾನ್ಸ್ ಗ್ರೂಬರ್ ರಾಗ ಕಟ್ಟಿದರು. ಆಸ್ಟ್ರಿಯಾ ದೇಶದ ಓಬರ್ನ್‌ಡೋರ್ಫ್ ಎಂಬ ಊರಿನ ಸಣ್ಣ ಗುಡಿಯಲ್ಲಿ 1818ರ ಡಿಸೆಂಬರ್ 24ರ ರಾತ್ರಿ ಇಬ್ಬರೂ ಬರಿಯ ಗಿಟಾರ್ ಹಿಡಿದು ಅದನ್ನು ಮೊದಲ ಬಾರಿ ಹಾಡಿದರು. ಹಾಡು ಊರೂರು ದಾಟಿ ಹೋಯಿತು, ಆದರೆ ಕಟ್ಟಿದವರ ಹೆಸರು ಹಿಂದೆಯೇ ಉಳಿಯಿತು. ಇದು ಯಾರೋ ದೊಡ್ಡ ಸಂಗೀತಗಾರರ ರಚನೆಯಿರಬೇಕೆಂದು ಜನ ತಿಳಿದರು. ಕೊನೆಗೆ 1854ರಲ್ಲಿ ಗ್ರೂಬರ್ ತಮ್ಮ ಕೈಯಾರೆ ನಡೆದ ಸಂಗತಿಯನ್ನು ಬರೆದು ತಿಳಿಸಬೇಕಾಯಿತು. ಆಗ ಮೋರ್ ಪಾದ್ರಿ ಕರ್ತನ ಸನ್ನಿಧಿ ಸೇರಿ ವರ್ಷಗಳೇ ಆಗಿದ್ದವು. ಇಟಲಿಯ ನೇಪಲ್ಸಿನ ಸಂತ ಅಲ್ಫಾನ್ಸೋ ಲಿಗೋರಿ ಅವರಂತೂ, ಲತೀನ್ ಬಲ್ಲ ಪಂಡಿತರಾಗಿದ್ದರೂ, ಆ ಊರಿನ ಕೂಲಿಯವರೂ ಕುರುಬರೂ ಆಡುವ ಮಾತಿನಲ್ಲಿಯೇ ಬಾಲಯೇಸುವಿನ ಹಾಡು ಕಟ್ಟಿದರು. ನಮ್ಮ ಮೆಥೋಡಿಸ್ಟ್ ಸಭೆಗೆ ಮೂಲಪುರುಷರಾದ ವೆಸ್ಲಿ ಸಹೋದರರಲ್ಲಿ ಚಿಕ್ಕವರಾದ ಚಾರ್ಲ್ಸ್ ವೆಸ್ಲಿ 1739ರಲ್ಲಿ ಪ್ರಕಟಿಸಿದ ದೇವದೂತರ ಗೀತೆಯನ್ನು ಇಂದು ನಾವು ಹಾಡುವ ರಾಗಕ್ಕೆ ಹೊಂದಿಸಿದ್ದು ನೂರು ವರ್ಷಕ್ಕೂ ಮೇಲೆ, 1855ರಲ್ಲಿ. ರಾಗ ಜರ್ಮನಿಯ ಸಂಗೀತಗಾರ ಮೆಂಡೆಲ್ಸನ್ ಅವರದು. ಒಬ್ಬರು ಬಿತ್ತಿದ್ದನ್ನು ಅವರು ಎಂದೂ ಕಾಣದ ಇನ್ನೊಬ್ಬರು ಕೊಯ್ದರು.

ನಮ್ಮ ನಾಡಿಗೂ ಈ ಭಾಗ್ಯವಿತ್ತು. ನಿಘಂಟಿನಿಂದ ಎಲ್ಲ ಕನ್ನಡಿಗರಿಗೆ ಪರಿಚಿತರಾದ ಕಿಟೆಲ್ ಅವರು ಆ ನಿಘಂಟು ಹೊರಬರುವುದಕ್ಕೆ ಮೂವತ್ತು ವರ್ಷಕ್ಕೂ ಮೊದಲೇ, 1862ರಲ್ಲಿ, ‘ಕಥಾಮಾಲೆ’ ಎಂಬ ಹೆಸರಿನಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡ ಪದ್ಯದಲ್ಲಿ ಕಟ್ಟಿಕೊಟ್ಟಿದ್ದರು. ಮರಾಠಿಯಲ್ಲಿ ನಾರಾಯಣ ವಾಮನ ಟಿಳಕರು 1919ರಲ್ಲಿ ತೀರಿಕೊಳ್ಳುವ ತನಕ ಅಭಂಗಗಳಲ್ಲಿ ಯೇಸುವನ್ನು ಕರೆದರು. ಅವರು ಅರ್ಧಕ್ಕೆ ಬಿಟ್ಟ, ಕ್ರಿಸ್ತನ ಕಥೆಯ ಕಾವ್ಯವಾದ ‘ಖ್ರಿಸ್ತಾಯನ’ವನ್ನು ಪತ್ನಿ ಲಕ್ಷ್ಮೀಬಾಯಿ ಮುಂದುವರಿಸಿ ಮುಗಿಸಿದರು. ಔರಾದ, ಭಾಲ್ಕಿ ಕಡೆಯ ನಮ್ಮ ಮರಾಠಿ ವಿಶ್ವಾಸಿಗಳು ತಾಳ ಹಿಡಿದು ಅಭಂಗದ ಧಾಟಿಯಲ್ಲಿ ಹಾಡುವಾಗ, ಅವರ ನೆರೆಹೊರೆಯವರು ಪಂಢರಪುರದ ದಾರಿಯಲ್ಲಿ ಹಾಕುವ ಹೆಜ್ಜೆಯ ಲಯವೇ ಆ ಹಾಡಿನಲ್ಲಿಯೂ ಕೇಳಿಸುತ್ತದೆ. ತೆಲುಗು ಹಾಡುಗಳನ್ನು ತಂದವರು ತೆಲಂಗಾಣದ ಮೇದಕ್ ಕಡೆಯಿಂದ ಸೊಸೆಯಂದಿರಾಗಿ ಬಂದ ಹೆಣ್ಣುಮಕ್ಕಳು. 1924ರ ಕ್ರಿಸ್ಮಸ್ ದಿನದಂದೇ ಪ್ರತಿಷ್ಠೆಯಾದ ಅಲ್ಲಿಯ ದೊಡ್ಡ ದೇವಾಲಯದಲ್ಲಿ ಚಿಕ್ಕಂದಿನಲ್ಲಿ ತಾವು ಹಾಡಿದ ಕೀರ್ತನೆಗಳನ್ನು ಅವರು ಪುಸ್ತಕ ನೋಡದೆ ಹಾಡಿದರು. ಇನ್ನು ಉರ್ದು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಬೀದರಿನ ಹಿರಿಯರು ಕಲಿತದ್ದು ಉರ್ದು ಶಾಲೆಯಲ್ಲಿ. ಒಬ್ಬರ ಮನೆಯಿಂದ ಅವರ ತಾತನ ಹಾಡಿನ ವಹಿ ಬಂತು. ಅದರಲ್ಲಿ ಹಾಡುಗಳು ಕನ್ನಡ, ಅಕ್ಷರ ಉರ್ದು. ಅದನ್ನು ಓದಬಲ್ಲವರು ಆ ಮನೆಯಲ್ಲಿ ಈಗ ಯಾರೂ ಇಲ್ಲದ್ದರಿಂದ, ಪಕ್ಕದ ಓಣಿಯ ಮುಸ್ಲಿಮ್ ಚಾಚಾ ಒಬ್ಬರು ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಓದಿ ಹೇಳಿದರು, ನಮ್ಮ ಹುಡುಗಿಯರು ಬರೆದುಕೊಂಡರು. ಮರಿಯಮ್ಮನವರ ಹೆಸರು ಬಂದಾಗಲೆಲ್ಲ ಆ ಚಾಚಾ ‘ಬೀಬಿ ಮರಿಯಮ್’ ಎಂದು ತಮ್ಮ ರೀತಿಯಲ್ಲಿ ಗೌರವದಿಂದ ಹೇಳಿಯೇ ಮುಂದೆ ಓದುತ್ತಿದ್ದರು.

ಇವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ನೆಟ್ಟು ನಿಂತದ್ದು ಒಂದು ಉಸಿರು.

ಭಾಲ್ಕಿ ಕಡೆಯ ಹಳ್ಳಿಯಿಂದ ಮಗನ ಮನೆಗೆ ಬಂದಿದ್ದ ಆ ತಾಯಿಯನ್ನು ಸಭೆಯಲ್ಲಿ ಎಲ್ಲರೂ ದೊಡ್ಡವ್ವ ಎಂದೇ ಕರೆಯುತ್ತಾರೆ. ಓದು ಬರಹ ಬಾರದು. ತಮ್ಮ ಅತ್ತೆಯಿಂದ ಕಲಿತ ಒಂದು ಹಾಡು ಅವರಿಗೆ ಗೊತ್ತಿದೆ. ತೊಟ್ಟಿಲಿಗೆ ಹಾಕುವ ದಿನ ಹೆಣ್ಣುಮಕ್ಕಳು ಹಾಡುವ ಪದದ ಧಾಟಿ. ಮರಿಯಮ್ಮನೂ ಯೋಸೇಫನೂ ನಜರೇತಿನಿಂದ ಬೇತ್ಲೆಹೇಮಿಗೆ ನಡೆದು ಬರುವುದು, ಛತ್ರದಲ್ಲಿ ಇಳಿದುಕೊಳ್ಳಲು ಎಡೆ ಸಿಗದಿರುವುದು, ಗೋದಲಿಯಲ್ಲಿ ಕೂಸನ್ನು ಮಲಗಿಸುವುದು, ಇಷ್ಟೇ ಅದರ ಕಥೆ. ದೊಡ್ಡವ್ವನಿಗೆ ದಮ್ಮು ಇದೆ. ಒಂದು ಸಾಲು ಮುಗಿದ ಕೂಡಲೇ ಎದೆಯ ಆಳದಿಂದ ಉಸಿರೆಳೆದುಕೊಂಡೇ ಮುಂದಿನ ಸಾಲಿಗೆ ಹೋಗಬೇಕು. ಹಗಲಲ್ಲಿ ವಾಯುಪಡೆಯ ತರಬೇತಿ ವಿಮಾನಗಳ ಸದ್ದು ಇರುವುದರಿಂದ ನಾವು ರಾತ್ರಿಯೇ ಕುಳಿತಿದ್ದೆವು. ಮೈಕು ಹಿಡಿದಿದ್ದ ಹುಡುಗ ‘ದೊಡ್ಡವ್ವ, ಇನ್ನ ಸ್ವಲ್ಪ ಜೋರ ಹಾಡ್ರಿ’ ಎಂದು ಬೇಡಿಕೊಂಡಾಗ ಅವರು, ‘ಮೊದ್ಲ ಯೇಸಪ್ಪಗ ಕೇಳಸ್ಲಿ, ಆಮ್ಯಾಲ ನಿನ್ನ ಮಶೀನಿಗಿ ಕೇಳಸ್ತದ’ ಎಂದು ಹೇಳಿ, ಕಣ್ಣು ಮುಚ್ಚಿ, ತಮ್ಮ ದನಿಯಲ್ಲಿಯೇ ಹಾಡಿದರು.

ಧ್ವನಿಮುದ್ರಣವನ್ನು ಶುದ್ಧಗೊಳಿಸುವಾಗ ಉಸಿರಿನ ಸದ್ದನ್ನು ತೆಗೆಯುವುದು ವಾಡಿಕೆಯಂತೆ. ಕಂಪ್ಯೂಟರಿನಲ್ಲಿ ಅದು ಸುಲಭವಂತೆ. ಆ ಹುಡುಗ ತೆಗೆದೂ ನೋಡಿದ, ಆಮೇಲೆ ಎರಡು ಬಗೆಯಲ್ಲಿಯೂ ನಮಗೆ ಕೇಳಿಸಿದ. ಉಸಿರಿಲ್ಲದ ಹಾಡಿನಲ್ಲಿ ರಾಗ ಇತ್ತು, ಮಾತು ಇತ್ತು, ದೊಡ್ಡವ್ವ ಮಾತ್ರ ಇರಲಿಲ್ಲ. ಉಸಿರು ಇದ್ದ ಹಾಡನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿದಾಗ, ತುಂಬಿದ ಬಸುರಿಯಾದ ಮರಿಯಮ್ಮ ಯೆಹೂದದ ದಿಬ್ಬಗಳನ್ನು ಏರುವ ಸಾಲಿನ ಕೊನೆಗೆ ಆ ಮುದಿ ಎದೆ ಗಾಳಿಗಾಗಿ ತವಕಿಸುವ ಸದ್ದು ನನ್ನ ಕಿವಿಯ ಒಳಗೇ ಆದಂತಾಯಿತು. ಏರುದಾರಿಯಲ್ಲಿ ನಿಂತು ಉಸಿರೆಳೆದುಕೊಂಡವಳು ನಮ್ಮ ದೊಡ್ಡವ್ವನೋ ದೇವರ ತಾಯಿಯೋ ಎಂದು ಬೇರೆ ಮಾಡಲಾಗದೆ ನಾನು ಅತ್ತುಬಿಟ್ಟೆ. ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯವನ್ನು ಚಿಕ್ಕಂದಿನಿಂದ ಬಾಯಿಪಾಠ ಒಪ್ಪಿಸುತ್ತ ಬಂದಿದ್ದೇನೆ; ಆ ಪ್ರಯಾಣ ಎಷ್ಟು ದಣಿವಿನದಾಗಿತ್ತು ಎಂಬುದು ನನ್ನ ದೇಹಕ್ಕೆ ತಿಳಿದದ್ದು ಆ ರಾತ್ರಿ.

ಅಂದಿನಿಂದ ಸತ್ಯವೇದವಾದ ಬೈಬಲನ್ನು ತೆರೆದಲ್ಲೆಲ್ಲ ಉಸಿರೇ ಕಾಣುತ್ತಿದೆ. ಆದಿಯಲ್ಲಿ ದೇವರು ಮಣ್ಣಿನಿಂದ ಮನುಷ್ಯನನ್ನು ಮಾಡಿ ಅವನ ಮೂಗಿನಲ್ಲಿ ಊದಿದ್ದು ಜೀವಶ್ವಾಸವನ್ನು. ಕೀರ್ತನೆಗಳ ಗ್ರಂಥ ಮುಗಿಯುವುದು ಶ್ವಾಸವಿರುವ ಎಲ್ಲವೂ ದೇವರನ್ನು ಸ್ತುತಿಸಲಿ ಎಂಬ ಕರೆಯಿಂದ. ಪುನರುತ್ಥಾನನಾದ ಕರ್ತನು ಬಾಗಿಲು ಮುಚ್ಚಿಕೊಂಡು ಹೆದರಿ ಕುಳಿತಿದ್ದ ಶಿಷ್ಯರ ಮೇಲೆ ಊದಿದ್ದೂ ತನ್ನ ಉಸಿರನ್ನೇ. ಪವಿತ್ರಾತ್ಮನು ಶಿಷ್ಯರ ಮೇಲೆ ಇಳಿದು ಬಂದ ಪಂಚಾಶತ್ತಮ ದಿನದಂದು ಬಿರುಗಾಳಿಯಂಥ ಸದ್ದು ಬಂದ ಮೇಲೆ, ಪಾರ್ಥದವರೂ ಮೇದ್ಯರೂ ಅರಬರೂ ತಮ್ಮ ತಮ್ಮ ಹುಟ್ಟುಭಾಷೆಯಲ್ಲಿ ದೇವರ ಮಹತ್ಕಾರ್ಯಗಳನ್ನು ಕೇಳಿದರು. ಎಲ್ಲರಿಗೂ ಒಂದೇ ಭಾಷೆಯನ್ನು ಕಲಿಸುವುದು ದೇವರಿಗೆ ಕಷ್ಟವಾಗಿರಲಿಲ್ಲ, ಆದರೂ ಆತನು ಹಾಗೆ ಮಾಡಲಿಲ್ಲ. ಸಿಂಹಾಸನದ ಮುಂದೆ ನಿಲ್ಲುವ ಮಹಾಸಮೂಹವನ್ನು ಯೋಹಾನನು ಕಂಡಾಗಲೂ ಅವರು ಸಕಲ ಜನಾಂಗ, ಸಕಲ ಭಾಷೆಗಳಿಂದ ಬಂದವರಾಗಿಯೇ ಇದ್ದರು. ಹಾಗಿದ್ದ ಮೇಲೆ ದೊಡ್ಡವ್ವನ ಹಾಡು ಪರಲೋಕದಲ್ಲಿಯೂ ಬೀದರಿನ ಮಾತಿನಲ್ಲಿಯೇ ಕೇಳಿಸುತ್ತದೆಂದು ನಾನು ಏಕೆ ನಂಬಬಾರದು?

ನಮ್ಮ ಸಭೆಗಳವರಲ್ಲಿ ಒಂದು ಮಾತನ್ನು ಪ್ರೀತಿಯಿಂದ, ಆದರೆ ನೋವಿನಿಂದಲೇ ಹೇಳಬೇಕಾಗಿದೆ. ಹಿಂದೆ ಡಿಸೆಂಬರಿನ ಚಳಿಯಲ್ಲಿ, ಕಂಬಳಿ ಹೊದ್ದು, ಗ್ಯಾಸ್ ಬತ್ತಿ ಹಿಡಿದು, ಒಂದು ಢೋಲಕ್ಕು ಎರಡು ತಾಳದೊಡನೆ ಹಾಡಿನ ಮೇಳ ಮನೆಮನೆಗೆ ಹೋಗುತ್ತಿತ್ತು. ಹಾಡು ಮುಗಿದ ಮೇಲೆ ಆ ಮನೆಯ ಹಿರಿಯರು ತಮ್ಮದೊಂದು ಹಾಡು ಹೇಳುತ್ತಿದ್ದರು. ಮೇಳದವರು ನಿಂತು ಕೇಳುತ್ತಿದ್ದರು, ಮಕ್ಕಳು ಅಲ್ಲಿಯೇ ಕಲಿಯುತ್ತಿದ್ದರು. ಈಗ ಮೇಳ ಗಾಡಿಯಲ್ಲಿ ಬರುತ್ತದೆ. ದೊಡ್ಡ ಸ್ಪೀಕರಿನಲ್ಲಿ ಮೊದಲೇ ತುಂಬಿಸಿಟ್ಟ ವಾದ್ಯದ ಸದ್ದು ಹರಿಯುತ್ತದೆ, ಅದರ ಮೇಲೆ ಹುಡುಗರು ಹಾಡುತ್ತಾರೆ, ಕೇಕು ಹಂಚುತ್ತಾರೆ, ಫೋಟೋ ತೆಗೆದುಕೊಂಡು ಮುಂದಿನ ಮನೆಗೆ ಹೊರಡುತ್ತಾರೆ. ಮನೆಯ ಹಿರಿಯರು ಬಾಯಿ ತೆರೆಯಲು ಅಲ್ಲಿ ಎಡೆಯೇ ಇಲ್ಲ. ಮಕ್ಕಳ ಉತ್ಸಾಹ ನಿಜವಾದದ್ದು, ಅದನ್ನು ನಾನು ಹಳಿಯುವುದಿಲ್ಲ. ಅವರಿಗೆ ಹಳೆಯ ಹಾಡು ಗೊತ್ತಿಲ್ಲದಿದ್ದರೆ ಅದು ಕಲಿಸದೇ ಹೋದ ತಂದೆತಾಯಿಗಳ ಹೊಣೆ. ಆದರೆ ಕುರುಬರು ಬೇತ್ಲೆಹೇಮಿನ ಗೋದಲಿಗೆ ಬಂದಾಗ ದೇವದೂತರಿಂದ ಕೇಳಿದ್ದನ್ನು ತಾವು ಹೇಳಿದರು, ಮರಿಯಮ್ಮ ಆ ಮಾತುಗಳನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಆಲೋಚಿಸಿದಳು ಎಂದು ಲೂಕನು ಬರೆದಿದ್ದಾನೆ. ಹೇಳುವವರು ಇದ್ದರು, ಮನಸ್ಸಿಟ್ಟು ಕೇಳುವವರೂ ಇದ್ದರು. ನಮ್ಮ ಮೇಳಗಳಲ್ಲಿ ಕೇಳುವ ಭಾಗ ಬಿಟ್ಟುಹೋಗಿದೆ.

ಧ್ವನಿಮುದ್ರಣಕ್ಕೆ ಕುಳಿತ ರಾತ್ರಿಗಳಲ್ಲಿ ಆ ಭಾಗ ಮರಳಿ ಬಂತು. ಒಬ್ಬರು ಹಾಡುವಾಗ ಉಳಿದವರು ಕೆಮ್ಮನ್ನೂ ತಡೆದುಕೊಂಡು ಕುಳಿತಿರಬೇಕಾಗಿತ್ತು. ಮೈಕಿನ ಭಯದಿಂದ ಆರಂಭವಾದ ಆ ಮೌನ ಬರಬರುತ್ತ ಪ್ರಾರ್ಥನೆಯೇ ಆಯಿತು. ಯಾರೂ ಆಜ್ಞಾಪಿಸದೆ ಮಕ್ಕಳು ಕೈಮುಗಿದು ಕುಳಿತದ್ದನ್ನು ನಾನು ಕಂಡಿದ್ದೇನೆ. ದೊಡ್ಡವ್ವನ ಹಾಡನ್ನು ಕಡೆಗೆ ಉಸಿರಿನ ಸಮೇತ ಹಾಗೆಯೇ ಉಳಿಸಿದರು. ಸಂಡೇ ಸ್ಕೂಲಿನ ಒಂದು ಹುಡುಗಿ ಅದನ್ನು ಕೇಳಿ ಕೇಳಿ ಕಲಿತಿದ್ದಾಳೆ, ದೊಡ್ಡವ್ವ ಎಲ್ಲೆಲ್ಲಿ ಉಸಿರೆಳೆಯುತ್ತಾರೋ ಅಲ್ಲಲ್ಲಿಯೇ ಅವಳೂ ನಿಲ್ಲುತ್ತಾಳೆ. ಅವಳಿಗೆ ಆ ಹಾಡು ಇರುವುದೇ ಹಾಗೆ. ಇದಕ್ಕಾಗಿ ನಾನು ದೇವರಿಗೆ ಎಷ್ಟು ಸ್ತೋತ್ರ ಹೇಳಿದರೂ ಸಾಲದು.

ಲಂಬಾಣಿ ತಾಂಡಾಗಳ ವಿಶ್ವಾಸಿಗಳು ತಮ್ಮ ಮಾತಿನಲ್ಲಿ ಹಾಡುವ ಹಾಡುಗಳು ಇನ್ನೂ ನಮ್ಮ ಸಂಗ್ರಹಕ್ಕೆ ಬಂದಿಲ್ಲ. ಹುಮನಾಬಾದ, ಬಸವಕಲ್ಯಾಣ, ಚಿಟಗುಪ್ಪ ಕಡೆಯ ಹಳ್ಳಿಗಳಲ್ಲಿಯೂ, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿಯೂ ಇಂಥ ದೊಡ್ಡವ್ವಂದಿರು ಇದ್ದೇ ಇರುತ್ತಾರೆ. ಅವರ ಹತ್ತಿರ ಇರುವವರು ಕ್ರಿಸ್ಮಸ್ಸಿಗೆ ಸಿದ್ಧರಾಗುವ ಕಾಲವಾದ ಅಡ್ವೆಂಟಿನ ಮುಂದಿನ ಮೊದಲನೆಯ ಭಾನುವಾರದ ತನಕ ಕಾಯದೆ, ಈ ವಾರವೇ ಅವರ ಮಗ್ಗುಲಲ್ಲಿ ಕುಳಿತು, ಫೋನನ್ನು ಅವರ ಬಾಯಿಯ ಹತ್ತಿರ ಇಟ್ಟು, ಅವರಿಗೆ ನೆನಪಿರುವಷ್ಟನ್ನು ಹಾಡಿಸಿಕೊಳ್ಳಿ. ಅರ್ಧವೇ ನೆನಪಿದ್ದರೆ ಅರ್ಧವೇ ಇರಲಿ. ಯಾರಿಂದ ಕಲಿತರು, ಯಾವ ಊರಿನ ಹಾಡು ಎಂಬುದನ್ನೂ ಅವರ ಬಾಯಿಂದಲೇ ಹೇಳಿಸಿ ಸೇರಿಸಿ. ಆಮೇಲೆ ಅದನ್ನು ನಿಮ್ಮ ಸಭಾಪಾಲಕರಿಗೂ ನಿಮ್ಮ ಮಕ್ಕಳಿಗೂ ಕೇಳಿಸಿರಿ, ನಡುವಿನ ಉಸಿರನ್ನು ಮಾತ್ರ ಅಳಿಸಬೇಡಿರಿ.